ಅಟ್ಲಾಂಟಿಕ್ ತೀರದ ಮಳೆಹಾದಿ

ಐರ್ಲೆಂಡ್ ಯುರೋಪಿನ ಪಶ್ಚಿಮದ ಅಂಚಿನಲ್ಲಿರುವ ದ್ವೀಪ. ಅದರ ಪಡುವಣ ತೀರವು ಅಟ್ಲಾಂಟಿಕ್ ಮಹಾಸಾಗರಕ್ಕೆ ಎದೆಯೊಡ್ಡಿ ನಿಂತಿದೆ. ಕಡಲು ಯುಗಯುಗಗಳಿಂದ ಕೊರೆದು ಕೊರೆದು ಆ ತೀರವನ್ನು ಹರಿದ ಕಂಬಳಿಯ ಅಂಚಿನಂತೆ ಮಾಡಿದೆ. ನೈಋತ್ಯದಿಂದ ಬೀಸುವ ಗಾಳಿಯು ಸಾವಿರಾರು ಮೈಲಿ ನೀರಿನ ಮೇಲೆಯೇ ಸಾಗಿ ಬಂದು ಮೊದಲು ತಾಗುವುದು ಇಲ್ಲಿಯ ಗುಡ್ಡಗಳಿಗೆ. ಆದ್ದರಿಂದ ಈ ನಾಡಿನಲ್ಲಿ ಮಳೆಯೆಂಬುದು ವರ್ಷಕ್ಕೊಮ್ಮೆ ಬಂದು ಹೋಗುವ ಅತಿಥಿಯಲ್ಲ, ಮನೆಯವರಲ್ಲೇ ಒಬ್ಬ. ಪಡುವಣದ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 225 ದಿನ ಮಳೆಯಾಗುತ್ತದೆ. ಆದರೂ ಅಳೆದು ನೋಡಿದರೆ, ಗುಡ್ಡಗಾಡನ್ನು ಬಿಟ್ಟು ಉಳಿದೆಡೆ ಒಟ್ಟು 1000ದಿಂದ 1400 ಮಿಲಿಮೀಟರ್ ಅಷ್ಟೆ. ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಮೀರಿ ಸುರಿಯುವುದನ್ನು ಬಲ್ಲ ನಮಗೆ ಇದೊಂದು ಮಳೆಯೇ ಎನ್ನಿಸಬಹುದು. ನಮ್ಮ ಮಳೆ ನಾಲ್ಕು ತಿಂಗಳು ಗರ್ಜಿಸಿ ಹೊರಟುಹೋಗುತ್ತದೆ. ಅವರ ಮಳೆ ಹನ್ನೆರಡು ತಿಂಗಳೂ ಗೊಣಗುತ್ತಿರುತ್ತದೆ.

ನಾನೂ ನನ್ನ ಪತ್ನಿಯೂ 2023ರ ಜುಲೈ ತಿಂಗಳಿನಲ್ಲಿ ಆ ತೀರದಲ್ಲಿ ಆರು ದಿನ ಸಂಚರಿಸಿದೆವು. ಮಲೆನಾಡಿನಲ್ಲಿ ಅದು ಪುನರ್ವಸು ಮಳೆಯ ಕಾಲ. ಐರ್ಲೆಂಡಿನ ಹವಾಮಾನ ದಾಖಲೆಗಳಲ್ಲೇ ಅತ್ಯಧಿಕ ಮಳೆಯ ಜುಲೈ ಅದಾಗಿತ್ತೆಂದು ಅನಂತರ ತಿಳಿಯಿತು. ಡಬ್ಲಿನ್ನಿನ ಮಗಳ ಮನೆಯಿಂದ ಬಾಡಿಗೆಯ ಕಾರಿನಲ್ಲಿ ಹೊರಟೆವು. ಕಾರನ್ನು ನಡೆಸಿದವಳು ನನ್ನ ಪತ್ನಿ. ನಕ್ಷೆ ಓದುವ ಕೆಲಸ ನನ್ನದು. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ ಅವಳಿಗೆ ಅಳುಕಿರಲಿಲ್ಲ. ಉತ್ತರದ ಡಾನಿಗಾಲ್‌ನಿಂದ ದಕ್ಷಿಣದ ಕಾರ್ಕ್‌ವರೆಗೆ ಕರಾವಳಿಯ ಗುಂಟ ಸುಮಾರು 2500 ಕಿಲೋಮೀಟರ್ ಉದ್ದದ ಪ್ರವಾಸಿ ಮಾರ್ಗವೊಂದನ್ನು ಗುರುತಿಸಿ, 2014ರಲ್ಲಿ ಅದಕ್ಕೆ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂದು ಹೆಸರಿಟ್ಟಿದ್ದಾರೆ. ನಾವು ಕಂಡದ್ದು ಅದರ ನಡುವಿನ ಒಂದು ತುಣುಕನ್ನು ಮಾತ್ರ.

ಕ್ಲೇರ್ ಜಿಲ್ಲೆಯ ಬರೆನ್ ಎಂಬ ಪ್ರದೇಶವನ್ನು ಹೊಕ್ಕಾಗ ಮಳೆ ಜಡಿಯುತ್ತಲೇ ಇತ್ತು; ನೆಲದ ಮೇಲೆ ಮಾತ್ರ ಹರಿಯುವ ನೀರು ಕಾಣಲಿಲ್ಲ. ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ಬೂದುಬಣ್ಣದ ಸುಣ್ಣದ ಕಲ್ಲು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಜೀವಿಗಳ ಚಿಪ್ಪುಗಳು ಅಡಕಗೊಂಡು ಆದ ಕಲ್ಲು ಅದು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಹೀಗೆ ಬಂಡೆಯಲ್ಲಿ ಆಳವಾದ ಬಿರುಕುಗಳಾಗಿ, ಬಿದ್ದ ನೀರೆಲ್ಲ ಪಾತಾಳಕ್ಕೆ ಇಳಿದುಹೋಗುತ್ತದೆ. ಆ ಬಿರುಕುಗಳಲ್ಲಿ ಉಳಿದ ಹಿಡಿಮಣ್ಣಿನಲ್ಲೇ ನೇರಳೆಗೆಂಪಿನ ಹೂಗಳು ಅರಳಿದ್ದವು.

ಮೊಹೆರ್ ಕಡಿಬಂಡೆಗಳು ಕಡಲಿನಿಂದ ನೆಟ್ಟಗೆ ಮೇಲೆದ್ದು 214 ಮೀಟರ್ ಎತ್ತರವನ್ನು ಮುಟ್ಟುತ್ತವೆ. ಜಗತ್ತಿನ ಮೂಲೆಮೂಲೆಗಳಿಂದ ಜನ ನೋಡಲು ಬರುವ ಆ ದೃಶ್ಯ ನಮಗೆ ದೊರೆಯಲಿಲ್ಲ. ಮಂಜು ಕವಿದು ಹತ್ತು ಮಾರಿನ ಆಚೆಗೆ ಏನೂ ಕಾಣದು. ಕೆಳಗಿನಿಂದ ಅಲೆಯ ಮೊರೆತವೂ ಹಕ್ಕಿಗಳ ಕೂಗೂ ಕೇಳಿಬರುತ್ತಿದ್ದವು. ‘ಅಲ್ಲಾ ರೀ, ಕುಂದಾದ್ರಿಗೆ ಹೋಗಿದ್ದರೆ ಈ ಮಂಜು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು’ ಎಂದಳು ನನ್ನ ಪತ್ನಿ. ಮಾತು ನಿಜವೇ.

ಶ್ಯಾನನ್ ನದಿಯ ಅಳಿವೆಯನ್ನು ಕಾರುಸಮೇತ ದೊಡ್ಡ ದೋಣಿಯಲ್ಲಿ ಇಪ್ಪತ್ತು ನಿಮಿಷಗಳಲ್ಲಿ ದಾಟಿ ಕೆರಿ ಜಿಲ್ಲೆಯನ್ನು ಸೇರಿದೆವು. ಇಲ್ಲಿಯ ಒಳದಾರಿಗಳು ಒಂದು ಕಾರಿನಷ್ಟೇ ಅಗಲ. ಇಕ್ಕೆಲದಲ್ಲೂ ಫ್ಯೂಷಿಯಾ ಪೊದೆಗಳು. ಅವುಗಳ ಕೆಂಪು ಹೂಗಳು ಮಳೆಯಲ್ಲಿ ತಲೆ ತಗ್ಗಿಸಿ ತೊಟ್ಟಿಕ್ಕುತ್ತಿರುತ್ತವೆ. ಐರಿಷ್ ನುಡಿಯಲ್ಲಿ ಆ ಹೂವಿಗೆ ‘ದೇವರ ಕಣ್ಣೀರು’ ಎಂದೇ ಹೆಸರು. ಎದುರಿಗೆ ವಾಹನ ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಬೇಕು. ಹಾಗೆ ದಾಟಿಹೋಗುವ ಅಪರಿಚಿತನು ಚಕ್ರದ ಮೇಲಿಂದ ಒಂದು ಬೆರಳನ್ನೆತ್ತಿ ವಂದಿಸದೆ ಹೋಗಲಾರ. ರಸ್ತೆಗೆ ಆ ನುಡಿಯಲ್ಲಿ ‘ಬೋಹರ್’ ಎನ್ನುತ್ತಾರೆ. ‘ಬೋ’ ಎಂದರೆ ಹಸು. ಹಸುವಿನ ದಾರಿಯೇ ರಸ್ತೆ. ಸಂಸ್ಕೃತದ ‘ಗೋ’ ಶಬ್ದಕ್ಕೂ ಈ ‘ಬೋ’ಗೂ ಮೂಲ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು.

ಡಿಂಗಲ್ ಪರ್ಯಾಯದ್ವೀಪದ ಪಶ್ಚಿಮಭಾಗದಲ್ಲಿ ಊರಿನ ಫಲಕಗಳಿಂದ ಇಂಗ್ಲಿಷ್ ಮರೆಯಾಯಿತು. ನಕ್ಷೆಯಲ್ಲಿ ‘ಡನ್‌ಕ್ವಿನ್’ ಎಂದಿರುವ ಊರು ಫಲಕದಲ್ಲಿ ‘ದೂನ್ ಖೀನ್’. ಐರಿಷ್ ಇಂದಿಗೂ ಮನೆಮಾತಾಗಿ ಉಳಿದಿರುವ ಕೆಲವೇ ಸೀಮೆಗಳಲ್ಲಿ ಇದೊಂದು. ಶತಮಾನಗಳ ಇಂಗ್ಲಿಷ್ ಆಳ್ವಿಕೆಯಲ್ಲಿ ಶಾಲೆ, ಕಚೇರಿ, ನ್ಯಾಯಾಲಯಗಳಿಂದ ಹೊರಗುಳಿದಿದ್ದ ಆ ನುಡಿಗೆ ದೊಡ್ಡ ಪೆಟ್ಟು ಬಿದ್ದದ್ದು 1845ರಲ್ಲಿ. ಆ ವರ್ಷ ಬಡವರ ಮುಖ್ಯ ಆಹಾರವಾಗಿದ್ದ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶವನ್ನು ತೊರೆದರು. ಆಗಲೂ ದವಸಧಾನ್ಯ ಐರ್ಲೆಂಡಿನ ರೇವುಗಳಿಂದ ಹೊರಕ್ಕೆ ಹೋಗುತ್ತಲೇ ಇತ್ತು. ಹೆಚ್ಚಾಗಿ ಅಳಿದವರು ಪಡುವಣದ ಬಡವರು, ಅಂದರೆ ಐರಿಷ್ ಮಾತನಾಡುತ್ತಿದ್ದವರು. 1937ರ ಸಂವಿಧಾನ ಐರಿಷ್ ನುಡಿಯನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತು. ಆದರೆ 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು 18 ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ಅದನ್ನು ದಿನವೂ ಆಡುವವರು ಸುಮಾರು 72 ಸಾವಿರ. ಶಾಲೆಯಲ್ಲಿ ಕಲಿತ ಮಾತು ಅಡುಗೆಮನೆಗೆ ಬಾರದಿದ್ದರೆ ಏನಾಗುವುದೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ನೆನೆಯದಿರಲಾರರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ವಿದ್ಯಾರ್ಥಿಯೊಬ್ಬರು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ಮಾತೃಭಾಷೆಯಲ್ಲಿ ಬರೆಯುವಂತೆ ಕಸಿನ್ಸ್ ಅವರಿಗೆ ಸಲಹೆಯಿತ್ತರು. ಆ ವಿದ್ಯಾರ್ಥಿಯೇ ಕುವೆಂಪು.

ಅಲ್ಲೇ ಸಮೀಪದಲ್ಲಿ ಗಲ್ಲರಸ್ ಎಂಬ ಪುಟ್ಟ ಪ್ರಾರ್ಥನಾಮಂದಿರವಿದೆ. ಬೋರಲು ಹಾಕಿದ ದೋಣಿಯ ಆಕಾರ. ಸುಣ್ಣವಿಲ್ಲ, ಗಾರೆಯಿಲ್ಲ, ಮರವಿಲ್ಲ. ಕಲ್ಲಿನ ಪ್ರತಿಯೊಂದು ವರಸೆಯನ್ನೂ ಕೆಳಗಿನದಕ್ಕಿಂತ ಕೊಂಚ ಒಳಕ್ಕೆ ಚಾಚಿ ಜೋಡಿಸಿ, ಎರಡು ಗೋಡೆಗಳನ್ನು ನೆತ್ತಿಯಲ್ಲಿ ಕೂಡಿಸಿದ್ದಾರೆ. ಕಲ್ಲುಗಳನ್ನು ಹೊರಮುಖವಾಗಿ ತುಸು ಓರೆಯಾಗಿ ಇಟ್ಟಿರುವುದರಿಂದ ನೀರು ಒಳಗಿಳಿಯದೆ ಹೊರಕ್ಕೆ ಜಾರುತ್ತದೆ. ಮಳೆ ಧೋ ಎನ್ನುತ್ತಿದ್ದಾಗ ಒಳಹೊಕ್ಕು ನಿಂತೆವು. ಎಷ್ಟೋ ಶತಮಾನಗಳ ಆ ಸೂರು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ.

ಈಚೆ ದಡದಿಂದ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಗ್ರೇಟ್ ಬ್ಲಾಸ್ಕೆಟ್ ದ್ವೀಪವಿದೆ. 1916ರಲ್ಲಿ ಅಲ್ಲಿ 176 ಜನರಿದ್ದರು. ತೊಗಲು ದೋಣಿಯ ವಂಶದ, ಡಾಂಬರು ಬಳಿದ ಕ್ಯಾನ್‌ವಾಸ್ ದೋಣಿಗಳಲ್ಲಿ ಮೀನು ಹಿಡಿದು, ಕಲ್ಲುನೆಲದಲ್ಲಿ ಆಲೂಗಡ್ಡೆ ಬೆಳೆದು ಬದುಕಿದವರು. ಅವರ ಶುದ್ಧವಾದ ಐರಿಷ್ ನುಡಿಯನ್ನು ಕಲಿಯಲು ನಾರ್ವೆ, ಇಂಗ್ಲೆಂಡುಗಳಿಂದ ವಿದ್ವಾಂಸರು ಬಂದರು. ಅವರ ಹಾಗೂ ಗೆಳೆಯರ ಪ್ರೋತ್ಸಾಹದಿಂದ ಆ ಬೆಸ್ತರೇ ಲೇಖಕರಾದರು. ನಡುವಯಸ್ಸಿನಲ್ಲಿ ತನ್ನ ನುಡಿಯ ಅಕ್ಷರ ಕಲಿತ ತೊಮಾಸ್ ಓ ಕ್ರೊಹನ್ 1929ರಲ್ಲಿ ‘ದ್ವೀಪದವನು’ ಎಂಬ ಅರ್ಥದ ಹೆಸರಿನ ಆತ್ಮಕಥೆಯನ್ನು ಪ್ರಕಟಿಸಿದ. ಪೆಗ್ ಸೇಯರ್ಸ್ ಎಂಬ ವೃದ್ಧೆ ಹೇಳಿದ ಬಾಳಿನ ಕಥೆಯನ್ನು ಆಕೆಯ ಮಗ ಬರೆದುಕೊಂಡ. ಅದು 1936ರಲ್ಲಿ ಪುಸ್ತಕವಾಯಿತು.

ಹರೆಯದವರು ಮಾತ್ರ ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೊರಟರು. ದೋಣಿ ಹುಟ್ಟುಹಾಕುವ ತೋಳುಗಳು ಕಡಿಮೆಯಾದವು. 1946ರ ಕೊನೆಯ ಚಳಿಗಾಲದಲ್ಲಿ ಒಬ್ಬ ತರುಣ ಮಿದುಳಿನ ಪೊರೆಯ ಉರಿಯೂತದಿಂದ ಮಲಗಿದ; ಬಿರುಗಾಳಿಯಿಂದಾಗಿ ವೈದ್ಯರು ಕಡಲು ದಾಟಲಾಗಲಿಲ್ಲ, ಅವನು ತೀರಿಕೊಂಡ. ಮರುವರ್ಷ ಆಹಾರವಿಲ್ಲದೆ ದ್ವೀಪದವರು ಪ್ರಧಾನಿ ಡಿ ವಲೆರಾ ಅವರಿಗೆ ತಂತಿ ಕಳುಹಿಸಬೇಕಾಯಿತು. ಕೊನೆಗೆ 1953ರ ನವೆಂಬರ್ 17ರಂದು, ಉಳಿದಿದ್ದ ಇಪ್ಪತ್ತೆರಡು ಜನರನ್ನು ಕರೆತರಲು ಸರ್ಕಾರ ದೋಣಿ ಕಳುಹಿಸಿತು. ಅಂದೂ ಹವೆ ಕೆಟ್ಟಿತ್ತು.

ನಾವು ಹೋದ ದಿನ ಅಲೆಯ ಅಬ್ಬರದಿಂದ ಪ್ರವಾಸಿಗರ ದೋಣಿ ಹೊರಡಲಿಲ್ಲ. 1993ರಲ್ಲಿ ತೆರೆದ ಬ್ಲಾಸ್ಕೆಟ್ ಕೇಂದ್ರದಲ್ಲಿ ದ್ವೀಪದವರ ಚಿತ್ರಗಳನ್ನೂ ಪುಸ್ತಕಗಳನ್ನೂ ನೋಡುತ್ತ ಮಧ್ಯಾಹ್ನವನ್ನು ಕಳೆದೆವು. ಸಂಜೆ ಮೋಡ ಹರಿದು ದ್ವೀಪ ಕಾಣಿಸಿತು. ಇಳಿಜಾರಿನಲ್ಲಿ ಸೂರಿಲ್ಲದ ಗೋಡೆಗಳು, ಮೇಲೆ ಹಸಿರು. ಈಚೆ ದಡದಲ್ಲಿ ಅವರಿಗೆ ಮನೆ ಕೊಟ್ಟದ್ದು ಇದೇ ಊರಿನಲ್ಲಿ. ಬಿಟ್ಟುಬಂದ ಊರನ್ನು ಅವರು ಇಲ್ಲಿಂದ ನೋಡುತ್ತಿದ್ದಿರಬೇಕು. ‘ಆ ಹುಡುಗನ ತಾಯಿಯೂ ಹೀಗೇ ಈ ಕಡೆ ನೋಡಿ ದೋಣಿಗೆ ಕಾದಿರಬೇಕಲ್ಲವೇ?’ ಎಂದು ನನ್ನ ಪತ್ನಿ ಕೇಳಿದಳು. ನಾನು ಉತ್ತರಿಸಲಿಲ್ಲ. ಡಿಂಗಲ್ ಪಟ್ಟಣವನ್ನು ತಲಪುವಾಗ ರಾತ್ರಿ ಹತ್ತು ಗಂಟೆ. ಆ ಉತ್ತರದ ನಾಡಿನಲ್ಲಿ ಇನ್ನೂ ಬೆಳಕಿತ್ತು, ಮಳೆಯೂ ಇತ್ತು.