ಹಂಚುವ ಮುನ್ನ ಹೆಸರು ನೋಡಿ

ಚೆಂದದ ನಾಲ್ಕು ಸಾಲು ವಾಟ್ಸಾಪಿಗೆ ಬಂದ ಕೂಡಲೇ ಹತ್ತು ಗುಂಪಿಗೆ ದಾಟಿಸುವ ನಿಮ್ಮ ಉತ್ಸಾಹ ಒಳ್ಳೆಯದೇ. ಆದರೆ ಕೆಳಗಿರುವ ಕವಿಯ ಹೆಸರನ್ನು ಒಮ್ಮೆ ಅನುಮಾನದಿಂದ ನೋಡಿ. ಹಾಡಿನಲ್ಲಂತೂ ಎಡವುವುದು ಸುಲಭ: ‘ನಿತ್ಯೋತ್ಸವ’ ಎಂದರೆ ರಾಗ ಹಾಕಿದ ಮೈಸೂರು ಅನಂತಸ್ವಾಮಿ ನೆನಪಾಗುತ್ತಾರೆ, ಬರೆದ ನಿಸಾರ್ ಅಹಮದ್ ಮರೆಗೆ ಸರಿಯುತ್ತಾರೆ. ವಚನ, ಕೀರ್ತನೆಗಳಿಗೆ ಅಂಕಿತವೇ ಸಹಿ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಕಾಗಿನೆಲೆಯಾದಿಕೇಶವ ಎಂದಿದ್ದರೆ ಕನಕದಾಸರು. ಚಿತ್ರದ ಚೌಕಟ್ಟಿಗೆ ಹೊಂದಲಿ ಎಂದು ಕೊನೆಯ ಸಾಲು ಕತ್ತರಿಸಿದರೆ ಆ ಗುರುತೇ ಹೋಯಿತು, ದಯವಿಟ್ಟು ಕತ್ತರಿಸಬೇಡಿ. ಹಾಗೆಂದು ಅಂಕಿತವೊಂದನ್ನೇ ನಂಬುವಂತೆಯೂ ಇಲ್ಲ. ‘ಮಂಕುತಿಮ್ಮ’ ಎಂದು ಮುಗಿಯುವ ಪದ್ಯವನ್ನು ಯಾರು ಬೇಕಾದರೂ ಕಟ್ಟಿಯಾರು. ಡಿ.ವಿ.ಜಿ.ಯವರ ಕಗ್ಗ 1943ರಲ್ಲೇ ಅಚ್ಚಾಗಿದೆ, ಪದ್ಯಗಳಿಗೆ ಸಂಖ್ಯೆಯಿದೆ. ಪುಸ್ತಕ ತೆರೆದರೆ ನಿಜ ತಿಳಿಯುತ್ತದೆ.

ಸಾಲು ಚೆನ್ನಾಗಿದ್ದರೆ ಸಾಕು, ಯಾರು ಬರೆದರೇನು ಎನ್ನುವವರಿದ್ದಾರೆ. ಜನಪದ ಗೀತೆಗೆ ಆ ಮಾತು ಒಪ್ಪುತ್ತದೆ, ಅಲ್ಲಿ ಕಟ್ಟಿದವರ ಹೆಸರೇ ಉಳಿದಿಲ್ಲ. ಹೆಸರಿಟ್ಟು ಬರೆದವರಿಗೆ ಅದು ಅನ್ಯಾಯ. ಹೆಸರು ಸರಿಯಿದ್ದರೆ ಓದಿದವರು ಆ ಕವಿಯ ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ತಪ್ಪಿದ್ದರೆ ಬರಿಗೈಯಲ್ಲಿ ಮರಳುತ್ತಾರೆ. ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ ಎಂಬುದೂ ನೆನಪಿರಲಿ. ಕೆ.ಎಸ್. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರಲ್ಲಿ. ಅವರ ಇಡೀ ಕವಿತೆ ಹಾಕುವ ಬದಲು ಒಂದೆರಡು ಸಾಲು ಹಾಕಿ, ಸಂಕಲನದ ಹೆಸರು ಕೊಡಿ. ಎಷ್ಟು ಹುಡುಕಿದರೂ ಸಿಗದಿದ್ದರೆ ‘ಕವಿ ಯಾರೆಂದು ತಿಳಿದಿಲ್ಲ’ ಎಂದೇ ಬರೆಯಿರಿ. ಗೊತ್ತಿದ್ದವರು ಯಾರಾದರೂ ಹೇಳಿಯಾರು.