ನಮ್ಮ ತೋಟ ಯಾವ ಊರು?

ಕಾಲೇಜಿಗೆ ಪ್ರವೇಶ ಪಡೆದ ದಿನ ಅರ್ಜಿಯಲ್ಲಿ ‘ಗ್ರಾಮ’ ಎಂಬ ಖಾಲಿ ಜಾಗ ಇತ್ತು. ನಾನು ಊರಿನ ಹೆಸರು ಬರೆದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಊರಿನ ಬಸ್ ನಿಲ್ದಾಣದಿಂದ ನಮ್ಮ ಮನೆ ನಾಲ್ಕು ಕಿಲೋಮೀಟರ್ ದೂರ, ಕಬ್ಬಿನ ಹೊಲಗಳ ನಡುವೆ ಇದೆ. ಯಾರಾದರೂ ಕೇಳಿದರೆ ನಾವು ಹೇಳುವುದು ಒಂದೇ ಮಾತು: “ತೋಟದಾಗ ಇರ್ತೇವ್ರಿ.”

ಬೇರೆ ಜಿಲ್ಲೆಯವರಿಗೆ ತೋಟ ಎಂದರೆ ಅಡಿಕೆ, ತೆಂಗು ನೆನಪಾಗುತ್ತದೆ. ನಮ್ಮ ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ತೋಟ ಎಂದರೆ ನೀರಾವರಿ ಹೊಲ ಮತ್ತು ಆ ಹೊಲದಲ್ಲೇ ಕಟ್ಟಿಕೊಂಡ ಮನೆಗಳ ಗುಂಪು. ಗಡಿಯ ಮರಾಠಿ ಮಾತಿನವರು ಅದನ್ನೇ ಮಳಾ ಎನ್ನುತ್ತಾರೆ. ಹೆಸರು ಸಾಮಾನ್ಯವಾಗಿ ಮೊದಲು ಬಂದು ನೆಲೆಸಿದ ಮನೆತನದ್ದು. ನಮ್ಮ ತಾಲೂಕುಗಳಲ್ಲಿ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳ ಬೋರ್ಡಿನ ಮೇಲೆ ಊರಿನ ಹೆಸರಿನ ಹಿಂದೆ ಇಂಥ ತೋಟದ ಹೆಸರು ಇರುವುದನ್ನು ನೀವೂ ನೋಡಿರುತ್ತೀರಿ.

ಭೂಗೋಳದ ಪಾಠದಲ್ಲಿ ಗ್ರಾಮೀಣ ನೆಲೆಗಳಲ್ಲಿ ಸಾಂದ್ರ, ಚದುರಿದ ಎಂಬ ವಿಧಗಳನ್ನು ಓದುತ್ತೇವೆ. ಪುಸ್ತಕ ಅವನ್ನು ಬೇರೆಬೇರೆ ಪ್ರದೇಶಗಳಲ್ಲಿ ತೋರಿಸುತ್ತದೆ. ನಮ್ಮಲ್ಲಿ ಎರಡೂ ಒಂದೇ ಗ್ರಾಮದ ಗಡಿಯೊಳಗಿವೆ. ಇದನ್ನು ಕಣ್ಣಾರೆ ನೋಡಬೇಕಾದರೆ ಮೀರಜದಿಂದ ಬೆಳಗಾವಿ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತುಕೊಳ್ಳಿ. ಉಗಾರ ಖುರ್ದ ದಾಟಿ ಕೃಷ್ಣೆಯ ಸೇತುವೆ ಬಂದಾಗ ಕೆಳಗೆ ಆಳವಾದ ಎರೆ ಭೂಮಿ ಕಾಣುತ್ತದೆ. ದಂಡೆಯ ಹಳೆಯ ಊರುಗಳು ಎತ್ತರದ ದಿಬ್ಬ ಹುಡುಕಿ ಒತ್ತಾಗಿ ಕುಳಿತಿವೆ. ಮಳೆ ನಮ್ಮಲ್ಲಿ ಕಡಿಮೆಯಾದರೂ ಪಶ್ಚಿಮ ಘಟ್ಟದ ಮಳೆಯನ್ನು ಕೃಷ್ಣೆ ಹೊತ್ತು ತರುತ್ತಾಳೆ. ವೇದಗಂಗೆ ದೂಧಗಂಗೆಯನ್ನು ಕೂಡಿ, ದೂಧಗಂಗೆ ಕೃಷ್ಣೆಯನ್ನು ಕೂಡುತ್ತದೆ. 2005, 2019, 2021ರ ಮಹಾಪೂರಗಳಲ್ಲಿ ಆ ದಿಬ್ಬಗಳೂ ಸಾಕಾಗಲಿಲ್ಲ. ಕುಡಚಿ ದಾಟಿ ಚಿಂಚಲಿ, ರಾಯಬಾಗ ಕಡೆ ಸಾಗಿದಂತೆ ನೆಲ ಏರುತ್ತದೆ, ನಡುನಡುವೆ ಮಡ್ಡಿ ಸಿಗುತ್ತದೆ. ಒತ್ತಾದ ಊರು ಹಿಂದೆ ಸರಿದು ಹೊಲಕ್ಕೊಂದರಂತೆ ಮನೆ, ಹತ್ತು ಮನೆಗೊಂದು ಹಾಲಿನ ಡೇರಿ ಕಾಣಲು ಶುರುವಾಗುತ್ತದೆ. ಅದೇ ತೋಟ.

ಇವು ಯಾಕೆ ಹುಟ್ಟಿದವು ಎಂದು ದಾದಿಮಾಳನ್ನು ಕೇಳಿದೆ. ಆಕೆ ಮದುವೆಯಾಗಿ ಬಂದಾಗ ಎಲ್ಲರೂ ಊರಲ್ಲೇ, ಮಸೀದಿಯ ಹಿಂದಿನ ಓಣಿಯಲ್ಲಿ ಇದ್ದರಂತೆ. ಹೊಲಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. “ಬಾವಿಗೆ ಮೋಟರ್ ಬಂತು, ನಿದ್ದಿ ಹೋತು” ಎಂದಳು. ಪುಸ್ತಕದಲ್ಲಿ ಅರ್ಧ ಪುಟ ಬರೆಯುವ ಕಾರಣ ಆ ಒಂದು ಮಾತಿನಲ್ಲಿದೆ. ಪಂಪಸೆಟ್ಟಿನ ಕರೆಂಟು ರಾತ್ರಿ ಯಾವಾಗ ಬರುತ್ತದೋ ಆಗಲೇ ನೀರು ಬಿಡಬೇಕು. ಹೊಲದಲ್ಲೇ ಮಲಗುವ ಗಂಡಸಿಗೆ ಮೊದಲು ಒಂದು ಗುಡಿಸಲು, ಆಮೇಲೆ ಎಮ್ಮೆಗೆ ಗ್ವಾದಲಿ, ಎಮ್ಮೆ ಹಿಂಡಲು ಹೆಂಗಸರು, ಕೊನೆಗೆ ಸ್ಲ್ಯಾಬಿನ ಮನೆ. ತಾಲೂಕಿನ ದಕ್ಷಿಣಕ್ಕೆ ಘಟಪ್ರಭಾ ಎಡದಂಡೆ ಕಾಲುವೆ, ಉತ್ತರಕ್ಕೆ ಕೃಷ್ಣೆಯಿಂದ ಪೈಪಿನಲ್ಲಿ ಎತ್ತಿ ತಂದ ನೀರು. ಎರಡೂ ಜನರನ್ನು ಊರಿನಿಂದ ಹೊಲಕ್ಕೆ ಎಳೆದವು. ಊರಿನ ನಂಟು ಮಾತ್ರ ಕಡಿಯಲಿಲ್ಲ. ಶುಕ್ರವಾರದ ನಮಾಜಿಗೆ ಅಬ್ಬಾ ಊರಿಗೇ ಹೋಗುತ್ತಾರೆ, ಸಂತೆಯೂ ಅಲ್ಲೇ. ಸತ್ತವರನ್ನೂ ಊರಿಗೇ ಒಯ್ಯುತ್ತೇವೆ. ಖಬರಸ್ತಾನವೂ ನೆರೆಯವರ ರುದ್ರಭೂಮಿಯೂ ಗಾವಠಾಣದ ಮಗ್ಗುಲಲ್ಲೇ ಇವೆ.

ಈಗ ಜನಸಂಖ್ಯೆಗೆ ಬರುತ್ತೇನೆ. ನಾನು ಎಡವಿದ್ದು ಇಲ್ಲಿಯೇ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಾಲು ಇರುತ್ತದೆ: ಆರು ಅಂಕಿಯ ಸಂಕೇತ, ಮನೆಗಳು, ಗಂಡಸರು, ಹೆಂಗಸರು, ಅಕ್ಷರಸ್ಥರು, ದುಡಿಯುವವರು. ನಮ್ಮ ತೋಟವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಗಣತಿಯ ಲೆಕ್ಕದಲ್ಲಿ ಗ್ರಾಮ ಎಂದರೆ ಕಂದಾಯ ಗ್ರಾಮ, ಅಂದರೆ ಅಳತೆಯಾಗಿ ಗಡಿ ಗುರುತಿಸಿದ ಭೂಮಿ. ಅದರೊಳಗೆ ಎಷ್ಟು ತೋಟ, ವಸ್ತಿ ಇದ್ದರೂ ಎಲ್ಲ ಸೇರಿ ಒಂದೇ ಸಂಖ್ಯೆ. ನಮ್ಮನ್ನು ಎಣಿಸಿಲ್ಲ ಎಂದಲ್ಲ. ಎಣಿಸಿದ್ದಾರೆ, ಬೇರೆಯಾಗಿ ಬರೆದಿಲ್ಲ. ಇನ್ನೊಂದು ಎಚ್ಚರಿಕೆ: 2011ರ ಪುಸ್ತಕದಲ್ಲಿ ಕಾಗವಾಡ, ನಿಪ್ಪಾಣಿ ತಾಲೂಕುಗಳನ್ನು ಹುಡುಕಬೇಡಿ. ಅವು ಆಮೇಲೆ ಆದವು. ಅಲ್ಲಿಯ ಹಳ್ಳಿಗಳು ಅಥಣಿ, ಚಿಕ್ಕೋಡಿ ತಾಲೂಕುಗಳ ಪಟ್ಟಿಯಲ್ಲಿವೆ.

ಜಿಲ್ಲೆಯ ಲೆಕ್ಕ ಸುಲಭ. 2011ರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661, ವಿಸ್ತೀರ್ಣ 13,415 ಚದರ ಕಿಲೋಮೀಟರ್. ಭಾಗಿಸಿದರೆ ಚದರ ಕಿಲೋಮೀಟರಿಗೆ 356 ಜನ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಚದರ ಕಿಲೋಮೀಟರನ್ನು ನಮ್ಮ ಮನೆಯಲ್ಲಿ ಯಾರೂ ಬಲ್ಲವರಿಲ್ಲ. ಅದನ್ನು 247 ಎಕರೆ ಎಂದು ಬದಲಿಸಿ ನೋಡಿದೆ: ತಲೆಗೆ ಮುಕ್ಕಾಲು ಎಕರೆಯೂ ಬರುವುದಿಲ್ಲ, ಅದೂ ರಸ್ತೆ, ನದಿ, ಮಡ್ಡಿ ಎಲ್ಲ ಸೇರಿಸಿ. ಇದನ್ನು ಹೇಳಿದಾಗ ಅಬ್ಬಾ ಪೇಪರು ಮಡಚಿಟ್ಟು ಕೇಳಿಸಿಕೊಂಡರು.

ಗ್ರಾಮದ ಆ ಒಂದು ಸಂಖ್ಯೆ ಕೂಡ ಫೆಬ್ರವರಿ ತಿಂಗಳ ಚಿತ್ರ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳಲ್ಲಿ ಸ್ವಲ್ಪ ಕಾಲವಾದರೂ ಮನೆಯಲ್ಲಿದ್ದವರನ್ನು ಮನೆಯಲ್ಲೇ ಬರೆದುಕೊಂಡರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂದವರು ಎಷ್ಟೇ ಇದ್ದರೂ ಚಿಂಚಲಿಯ ಜನಸಂಖ್ಯೆ ಆಗುವುದಿಲ್ಲ, ಯಾಕೆಂದರೆ ಅವರು ತಿರುಗಿ ಮನೆ ಸೇರುತ್ತಾರೆ. ಆದರೆ ಆ ಇಪ್ಪತ್ತೂ ದಿನ ಊರಲ್ಲಿ ಇಲ್ಲದವರನ್ನು ಸಿಕ್ಕಲ್ಲೇ ಎಣಿಸುವುದು ನಿಯಮ. ಫೆಬ್ರವರಿ ನಮ್ಮಲ್ಲಿ ಕಬ್ಬಿನ ಹಂಗಾಮು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಬಂದು ಹೊಲದ ಬದಿಗೆ ಗುಡಿಸಲು ಹಾಕಿಕೊಂಡಿರುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೋಯತಾ ಎಂದು ಅವರ ಲೆಕ್ಕ. ಅದೇ ಹೊತ್ತಿಗೆ ಅಥಣಿಯ ಒಣ ಭಾಗದ ಕುಟುಂಬಗಳು ಬೇರೆಯವರ ಕಬ್ಬಿಗೆ ಹೋಗಿರುತ್ತವೆ. ಹೀಗಾಗಿ ಒಣ ಊರಿನ ಸಂಖ್ಯೆ ಇದ್ದುದಕ್ಕಿಂತ ಕಡಿಮೆ, ನೀರಾವರಿ ಊರಿನದು ಹೆಚ್ಚು ಕಾಣಬಹುದು. ಜೂನ್ ತಿಂಗಳಲ್ಲಿ ಎಣಿಸಿದರೆ ಚಿತ್ರವೇ ಬೇರೆ.

ನಮ್ಮ ತೋಟದ ಜನರನ್ನು ನಾವೇ ಎಣಿಸಬೇಕಾಗಿ ಬಂದದ್ದು ಭಾಬಿಯಿಂದ. ಅಣ್ಣನ ಮಗಳಿಗೆ ನಾಲ್ಕು ವರ್ಷ, ಹತ್ತಿರದ ಅಂಗನವಾಡಿ ಊರಲ್ಲಿ. ನಾಲ್ಕು ಕಿಲೋಮೀಟರ್ ಹೊತ್ತುಕೊಂಡು ಹೋಗಿ ಬರುವಷ್ಟರಲ್ಲಿ ಹಾಲು ಹಿಂಡುವ ಹೊತ್ತು ಮೀರುತ್ತದೆ, ಆದ್ದರಿಂದ ಆ ಮಗು ಹೋಗುವುದೇ ಇಲ್ಲ. ಬಯಲು ಪ್ರದೇಶದಲ್ಲಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ, 150ರಿಂದ 400 ಜನಕ್ಕೆ ಮಿನಿ ಅಂಗನವಾಡಿ ಎಂಬುದು ಕೇಂದ್ರ ಸರ್ಕಾರದ ಮಾನದಂಡ. ಅರ್ಜಿ ಬರೆಯಲು ಕುಳಿತರೆ ಮೊದಲ ಪ್ರಶ್ನೆಯೇ ತೋಟದಲ್ಲಿ ಎಷ್ಟು ಜನ ಎಂಬುದು. ಉತ್ತರ ಯಾವ ಪುಸ್ತಕದಲ್ಲೂ ಇಲ್ಲ.

ಎರಡು ಭಾನುವಾರ ನಾನು, ಪಕ್ಕದ ಮನೆಯ ಗೆಳತಿ ಮನೆಮನೆ ತಿರುಗಿದೆವು. ಭಾಷೆಯ ಅಂಕಣದಲ್ಲಿ ನಮ್ಮ ಮನೆಗೆ ಉರ್ದು ಎಂದು ಬರೆದೆವು. ಆಡುವುದು ದಖನಿ, ಎಮ್ಮೆಗೆ ಬೈಯುವುದು ಕನ್ನಡದಲ್ಲಿ, ವ್ಯಾಪಾರಿಯ ಜೊತೆ ಚೌಕಾಶಿ ಮರಾಠಿಯಲ್ಲಿ. ಕೆಲಸದ ಅಂಕಣದಲ್ಲಿ ಬಹಳ ಹೆಂಗಸರು “ಏನಿಲ್ಲ, ಮನಿಯಾಗ ಇರ್ತೀನಿ” ಎಂದರು. ನನ್ನ ಅಮ್ಮಿಯೂ ಹಾಗೇ ಅಂದಳು, ಕೈಯಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡೇ. 2011ರ ಗಣತಿಯ ವ್ಯಾಖ್ಯೆಯಲ್ಲಿ ಮನೆಬಳಕೆಗೆ ಮಾತ್ರ ಹೈನು ಮಾಡುವವರೂ ದುಡಿಯುವವರೇ. ಕೇಳುವವರು ಸರಿಯಾಗಿ ಕೇಳದಿದ್ದರೆ ಅಮ್ಮಿಯ ದುಡಿಮೆ ಆ ಸಾಲಿನಿಂದ ಬಿದ್ದುಹೋಗುತ್ತದೆ.

ಎಣಿಕೆ ಮುಗಿದಾಗ 150ರ ಗೆರೆ ದಾಟಿದ್ದೆವು. ಖುಷಿಯಾಯಿತು. ಗೆಳತಿ ಮತ್ತೊಮ್ಮೆ ಕೂಡಿಸಿದಾಗ ಗೊತ್ತಾಯಿತು, ಟೋಳಿಯವರ ಗುಡಿಸಲುಗಳನ್ನು ಬಿಟ್ಟರೆ ದಾಟುವುದಿಲ್ಲ. ಅವರನ್ನು ಸೇರಿಸಬೇಕೋ ಬೇಡವೋ? ಕಟ್ಟೆಯ ಮೇಲೆ ಒಂದು ಸಂಜೆ ಪೂರ್ತಿ ವಾದ ನಡೆಯಿತು. ಅವರು ನಾಲ್ಕೈದು ತಿಂಗಳಲ್ಲಿ ಹೋಗುವವರು ಎಂದರು ಕೆಲವರು. ಆ ನಾಲ್ಕೈದು ತಿಂಗಳು ಗುಡಿಸಲಿನ ಮಕ್ಕಳು ಕಬ್ಬಿನ ಸಾಲಿನಲ್ಲೇ ಮಲಗುತ್ತವೆ, ಅಂಗನವಾಡಿ ಮೊದಲು ಬೇಕಾದದ್ದೇ ಅವಕ್ಕೆ ಎಂದಳು ಭಾಬಿ. ಕೊನೆಗೆ ಎರಡೂ ಸಂಖ್ಯೆ ಬರೆದು, ಯಾವ ತಿಂಗಳು ಎಣಿಸಿದ್ದು ಎಂಬುದನ್ನೂ ನಮೂದಿಸಿದೆವು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನ. ಅಂದರೆ ಈ ಸಲವೂ ಕಬ್ಬಿನ ಹಂಗಾಮಿನಲ್ಲೇ. ಬರುವ ಗಣತಿದಾರರಿಗೆ ಯಾವ ಮನೆಯೂ ತಪ್ಪದಿರಲೆಂದು ತೋಟದ ಒಂದು ಕೈನಕ್ಷೆ ಮಾಡಿದ್ದೇವೆ: ಬಾವಿ, ಡೇರಿ, ಕಾಲುದಾರಿ, ಟಿಸಿ ಕಂಬ, ಪ್ರತಿ ಮನೆಗೊಂದು ಅಂಕಿ. ಗುಡಿಸಲುಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿದ್ದೇವೆ. ಒಂದೇ ಬಾಕಿ. ಮೂಡಣ ದಿಕ್ಕಿನ ಆರು ಮನೆಯವರು ತೋಟಕ್ಕೆ ತಮ್ಮ ಅಜ್ಜನ ಹೆಸರೇ ಮೊದಲಿನದು ಎನ್ನುತ್ತಾರೆ, ನಮ್ಮ ಕಡೆಯವರು ಒಪ್ಪುತ್ತಿಲ್ಲ. ನಕ್ಷೆಯ ಮೇಲಿನ ಹೆಸರು ಸದ್ಯಕ್ಕೆ ಪೆನ್ಸಿಲಿನಲ್ಲಿದೆ.