ಕನ್ನಡಿಯಿಲ್ಲದ ಕ್ಯಾಮೆರಾ ಕೊಳ್ಳುವವಳಿಗೆ ದೊಡ್ಡಪ್ಪನ ಕಿವಿಮಾತು

ತಮ್ಮನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ವರ್ಷವಾಯಿತು. ಕೂಡಿಟ್ಟ ದುಡ್ಡಿನಲ್ಲಿ ಒಂದು ಚಿಕ್ಕ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕಂತೆ. ‘ಯಾವುದು ಒಳ್ಳೆಯದು ದೊಡ್ಡಪ್ಪ?’ ಎಂದು ಫೋನಿನಲ್ಲಿ ಕೇಳಿದಳು. ಏನು ತೆಗೆಯುತ್ತೀಯ ಎಂದೆ. ‘ಮಳೆಗಾಲದಲ್ಲಿ ಊರಿಗೆ ಬಂದಾಗ ಅಜ್ಜಿ ಕಡುಬು ಮಾಡುವುದನ್ನು ವಿಡಿಯೊ ಮಾಡಿಡಬೇಕು. ಆಮೇಲೆ ಚಾರಣ, ಹಬ್ಬ, ಯಕ್ಷಗಾನ, ಎಲ್ಲ’ ಎಂದಳು. ನಾನು ರೀಲು ಹಾಕುವ ಕಾಲದಿಂದ ಫೋಟೊ ತೆಗೆಯುತ್ತ ಬಂದವನು. ಒಂದು ರೀಲಿನ ಮೂವತ್ತಾರು ಫೋಟೊ ಹಬ್ಬದಿಂದ ಹಬ್ಬದವರೆಗೆ ಬರಬೇಕಿತ್ತು. ಅವಳಿಗೆ ಆಗಲೇ ಯಾವ ಮಾಡೆಲ್ಲಿನ ಹೆಸರನ್ನೂ ಹೇಳಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡಿಗೆಮನೆಯನ್ನು ನೆನೆಸಿಕೊ ಎಂದೆ. ಹೊಗೆ ಹಿಡಿದ ಗೋಡೆ, ಮಾಡಿನ ಒಂದೇ ಗಾಜಿನ ಹೆಂಚಿನಿಂದ ಇಳಿಯುವ ಬೆಳಕು, ಒಂದು ಟ್ಯೂಬ್‌ಲೈಟು, ಮೇಲೆ ಸುರಿಯುವ ಮಳೆಯ ಸದ್ದು. ಅಲ್ಲಿ ಒದಗುವ ಕ್ಯಾಮೆರಾ ಬೇರೆಡೆಯೂ ಒದಗುತ್ತದೆ. ಉಳಿದದ್ದನ್ನು ಬರೆದು ಕಳಿಸುತ್ತೇನೆ ಎಂದಿದ್ದೆ. ಬರೆದದ್ದು ಇದು.

• ಫೋನು ಸಾಲದೇ ಎಂದು ಮೊದಲು ಕೇಳಿಕೊ. ಅಂಗಳದ ಬಿಸಿಲಿನಲ್ಲಿ, ನೆಂಟರ ಗುಂಪಿನಲ್ಲಿ ಫೋನು ಧಾರಾಳವಾಗಿ ಸಾಕು. ಕತ್ತಲೆ ಕೋಣೆ, ಓಡುವ ಮಗು, ದೂರದ ರಂಗಸ್ಥಳ, ಲೆನ್ಸ್ ಬದಲಿಸುವ ಆಸೆ ಇವುಗಳಲ್ಲಿ ಎರಡಾದರೂ ನಿನಗೆ ಇದ್ದರೆ ಕ್ಯಾಮೆರಾ ಕೊಳ್ಳು. ಇಲ್ಲದಿದ್ದರೆ ಆ ದುಡ್ಡಿನಲ್ಲಿ ನಾಲ್ಕು ಊರು ಸುತ್ತು.

• ‘ಮಿರರ್‌ಲೆಸ್’ ಎಂದರೇನೆಂದು ತಿಳಿದುಕೊ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಟಪ್ಪೆಂದು ಮೇಲೆದ್ದು ಬೆಳಕಿಗೆ ದಾರಿ ಬಿಡಬೇಕು. ಅದಕ್ಕೆ ಜಾಗ ಬೇಕಾದ್ದರಿಂದ ಲೆನ್ಸ್ ಕೂರುವ ‘ಮೌಂಟ್’ ಎಂಬ ಬಳೆಗೂ ಒಳಗಿನ ಸೆನ್ಸರಿಗೂ ನಡುವೆ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರವಿತ್ತು. 2008ರಲ್ಲಿ ಪ್ಯಾನಸಾನಿಕ್ ಲುಮಿಕ್ಸ್ ಜಿ1 ಕನ್ನಡಿಯಿಲ್ಲದೆ ಬಂತು. ಈಗ ಆ ಅಂತರ ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಜೆಡ್‌ನಲ್ಲಿ 16 ಮಿ.ಮೀ. ಮಾತ್ರ. ಕ್ಯಾಮೆರಾ ತೆಳ್ಳಗಾದದ್ದು ಹೀಗೆ. ಆದರೆ ನೀನು ನೋಡುತ್ತಿರುವಷ್ಟು ಹೊತ್ತೂ ಸೆನ್ಸರು, ಪರದೆ ಎರಡೂ ಉರಿಯುತ್ತಿರುತ್ತವೆ. ಹಾಗಾಗಿ ಬ್ಯಾಟರಿ ಬೇಗ ಇಳಿಯುತ್ತದೆ. ಎರಡನೆಯ ಬ್ಯಾಟರಿಯನ್ನು ಕ್ಯಾಮೆರಾದ ಜೊತೆಗೇ ಲೆಕ್ಕ ಹಾಕು.

• ಸೆನ್ಸರಿನ ಅಳತೆಯಲ್ಲಿ ನಡುವಿನದನ್ನು ಹಿಡಿ. ಫುಲ್ ಫ್ರೇಮ್ ಎಂದರೆ 36×24 ಮಿ.ಮೀ., ನನ್ನ ರೀಲಿನ ಒಂದು ಚೌಕದಷ್ಟೇ. ಎಪಿಎಸ್‌-ಸಿ ಸುಮಾರು 23.5×15.6 ಮಿ.ಮೀ.; ಕ್ಯಾನನ್‌ನಲ್ಲಿ ತುಸು ಚಿಕ್ಕದು. ಮೈಕ್ರೊ ಫೋರ್ ಥರ್ಡ್ಸ್ 17.3×13 ಮಿ.ಮೀ. ಸೆನ್ಸರು ದೊಡ್ಡದಾದಷ್ಟೂ ಕತ್ತಲೆಯಲ್ಲಿ ಚಿತ್ರ ಹಸನು, ಆದರೆ ಲೆನ್ಸೂ ದಪ್ಪ, ಬೆಲೆಯೂ ದಪ್ಪ. ಹವ್ಯಾಸಕ್ಕೆ, ಅದರಲ್ಲೂ ಚಿಕ್ಕ ಕ್ಯಾಮೆರಾ ಬೇಕೆನ್ನುವವಳಿಗೆ, ಎಪಿಎಸ್‌-ಸಿ ಹದವಾದದ್ದು.

• ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬೇಡ. 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಒಳ್ಳೆಯ ಪ್ರಿಂಟ್ ಹಾಕಿಸಿದರೂ 20×13 ಇಂಚಿನ ಚಿತ್ರ ಬರುತ್ತದೆ. ನಮ್ಮ ಜಗಲಿಯ ಗೋಡೆಗೆ ಅದಕ್ಕಿಂತ ದೊಡ್ಡದು ಬೇಡ.

• ಲೆನ್ಸ್ ಹಾಕಿ ತೂಗಿ ನೋಡು. ಚಿಕ್ಕ ಕ್ಯಾಮೆರಾಗಳಲ್ಲಿ, ಲೆನ್ಸ್ ಬಿಟ್ಟು ಬ್ಯಾಟರಿ, ಕಾರ್ಡ್ ಸೇರಿ, ಸೋನಿ ಜೆಡ್‌ವಿ-ಇ10 ತೂಗುವುದು 343 ಗ್ರಾಂ, ಫ್ಯೂಜಿಫಿಲ್ಮ್ ಎಕ್ಸ್‌-ಎಂ5 355, ಕ್ಯಾನನ್ ಆರ್50 ಸುಮಾರು 375, ನಿಕಾನ್ ಜೆಡ್30 ಸುಮಾರು 405 ಗ್ರಾಂ. ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸ್ ಸೇರಿದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಅಷ್ಟಾದರೆ ಆಫೀಸಿನ ಚೀಲದಲ್ಲಿ ದಿನವೂ ಇರುತ್ತದೆ. ನಾನು ಒಮ್ಮೆ ಆಸೆಪಟ್ಟು ಕೊಂಡ ಭಾರದ ಕ್ಯಾಮೆರಾ ವರ್ಷಕ್ಕೆರಡು ಸಲ, ಅದೂ ಆಯುಧಪೂಜೆಗೆ ಸೇರಿ, ಬೀರುವಿನಿಂದ ಹೊರಗೆ ಬರುತ್ತಿತ್ತು.

• ಕಣ್ಣಿಟ್ಟು ನೋಡುವ ಕಿಂಡಿ ಬೇಕೋ ಬೇಡವೋ ಈಗಲೇ ನಿರ್ಧರಿಸು. ಮೇಲೆ ಹೇಳಿದ ನಾಲ್ಕರಲ್ಲಿ ವ್ಯೂಫೈಂಡರ್ ಇರುವುದು ಕ್ಯಾನನ್ ಆರ್50ರಲ್ಲಿ ಮಾತ್ರ. ವಿಡಿಯೊ ಮಾಡುವವರಿಗೆ ಅದು ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ಹಂಪಿಯ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ನೋಡುತ್ತ ಫೋಟೊ ತೆಗೆದು ನೋಡು, ನಿನ್ನ ಮುಖವೇ ಕಾಣುತ್ತದೆ. ಪರದೆ ಪಕ್ಕಕ್ಕೆ ತೆರೆದು ತಿರುಗುವಂತಿರಲಿ. ಅಜ್ಜಿಯ ಪಕ್ಕದಲ್ಲಿ ನೀನೂ ಕೂತು ವಿಡಿಯೊ ಮಾಡುವಾಗ ಅದೇ ಆಸರೆ.

• ಹುಡುಗನೊಬ್ಬನನ್ನೇ ನೋಡಬೇಡ, ಮನೆತನ ನೋಡು. ಕ್ಯಾಮೆರಾ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಇಪ್ಪತ್ತು ವರ್ಷ ಬಾಳುತ್ತದೆ. ಒಂದು ಕಂಪನಿಯ ಮೌಂಟಿನ ಕೈಹಿಡಿದರೆ ಬಿಡಿಸಿಕೊಳ್ಳುವುದು ದುಬಾರಿ. ಸೋನಿ ಇ ಮೌಂಟು 2010ರಿಂದ ಇರುವುದರಿಂದ ಹೊಸದು, ಸೆಕೆಂಡ್ ಹ್ಯಾಂಡ್, ಬೇರೆ ಕಂಪನಿಯದು ಎಲ್ಲ ಬಗೆಯ ಲೆನ್ಸೂ ಸಿಗುತ್ತವೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟಿನ ಎಪಿಎಸ್‌-ಸಿ ಕ್ಯಾಮೆರಾಗಳಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳನ್ನು ಬಿಟ್ಟುಕೊಂಡದ್ದು 2024ರಲ್ಲಿ.

• ಕಿಟ್ ಲೆನ್ಸನ್ನು ತಾತ್ಸಾರ ಮಾಡಬೇಡ, ಅದೊಂದನ್ನೇ ನಂಬಲೂ ಬೇಡ. ಅಡಿಗೆಮನೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಗೋಡೆ. ಅಲ್ಲಿ 16 ಮಿ.ಮೀ.ಯಿಂದ ಶುರುವಾಗುವ ಲೆನ್ಸ್ 18ರಿಂದ ಶುರುವಾಗುವುದಕ್ಕಿಂತ ಒಲೆಯನ್ನೂ ಅಜ್ಜಿಯನ್ನೂ ಹೆಚ್ಚು ಸಲೀಸಾಗಿ ಒಂದೇ ಚೌಕಟ್ಟಿಗೆ ತರುತ್ತದೆ. ಆದರೆ ಕಿಟ್ ಲೆನ್ಸಿನ ಬೆಳಕು ಬಿಡುವ ಬಾಯಿ ಜೂಮ್ ಮಾಡಿದಾಗ ಎಫ್/5.6ಕ್ಕೋ 6.3ಕ್ಕೋ ಕಿರಿದಾಗುತ್ತದೆ. ಎಫ್/1.8ರ ಲೆನ್ಸ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತುಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್ ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 12800 ಕೇಳುವ ಕಡೆ ಎಫ್/1.8ರದ್ದಕ್ಕೆ 1600 ಧಾರಾಳ. ರಾತ್ರಿಯ ಯಕ್ಷಗಾನದಲ್ಲಿ ವೇಷದ ಬಣ್ಣ ಬಣ್ಣವಾಗಿಯೇ ಉಳಿಯುವುದು ಈ ಲೆಕ್ಕದಿಂದ. ಮನೆಯೊಳಗೆ ತೆಗೆಯಲು 30 ಅಥವಾ 35 ಮಿ.ಮೀ. ಕೊಳ್ಳು, 50 ಮಿ.ಮೀ. ಎಪಿಎಸ್‌-ಸಿಯಲ್ಲಿ ಮುಖಚಿತ್ರಕ್ಕೆ ಚೆನ್ನ, ಕೋಣೆಗೆ ಇಕ್ಕಟ್ಟು.

• ಹಕ್ಕಿಯ ಆಸೆಯನ್ನು ಈ ಕ್ಯಾಮೆರಾಕ್ಕೆ ಹೊರಿಸಬೇಡ. ರಂಗನತಿಟ್ಟಿನ ದೋಣಿಯಲ್ಲಿ ಕೂತರೂ ಬಣ್ಣದ ಕೊಕ್ಕರೆ ಚೌಕಟ್ಟು ತುಂಬಬೇಕಾದರೆ 300–400 ಮಿ.ಮೀ. ಲೆನ್ಸ್ ಬೇಕು. ಅದನ್ನು ಚಿಕ್ಕ ಕ್ಯಾಮೆರಾಕ್ಕೆ ಹಾಕಿದರೆ ಆಡಿನ ಕೊರಳಿಗೆ ಎತ್ತಿನ ನೊಗ ಕಟ್ಟಿದಂತೆ. ಆ ಹುಚ್ಚು ಹಿಡಿದಾಗ ಬೇರೆ ಯೋಚಿಸೋಣ.

• ಕೈನಡುಕದ ವಿಷಯದಲ್ಲಿ ಜಾಹೀರಾತನ್ನು ಬಿಡಿಸಿ ಓದು. ‘ಸ್ಟೆಬಿಲೈಸೇಷನ್’ ಎಂಬ ಒಂದೇ ಹೆಸರಿನಲ್ಲಿ ಮೂರು ಸರಕು ಮಾರುತ್ತಾರೆ. ಸೆನ್ಸರೇ ಅಲುಗಿ ಸರಿದೂಗಿಸುವುದು ಒಂದು. ಅದು ಆರ್50, ಜೆಡ್30, ಜೆಡ್‌ವಿ-ಇ10ರಲ್ಲಿ ಇಲ್ಲ, ಇನ್ನೂ ಭಾರದ, ದುಬಾರಿಯ ಫ್ಯೂಜಿ ಎಕ್ಸ್‌-ಎಸ್20, ಸೋನಿ ಎ6700ರಲ್ಲಿ ಇದೆ. ಲೆನ್ಸಿನೊಳಗಿನದು ಇನ್ನೊಂದು. ಮೂರನೆಯದು ಚಿತ್ರದ ಅಂಚು ಕತ್ತರಿಸಿ ಮಾಡುವ ಡಿಜಿಟಲ್ ಉಪಾಯ. ಅದನ್ನು ಹಾಕಿದರೆ ಒಲೆ ಚೌಕಟ್ಟಿನಿಂದ ಆಚೆ ಹೋಗುತ್ತದೆ. ನೀನು ಒಂದೇ ಕಡೆ ಕೂತು ವಿಡಿಯೊ ಮಾಡುವುದಾದರೆ ಒಂದು ಚಿಕ್ಕ ಟ್ರೈಪಾಡ್ ಈ ಮೂರಕ್ಕಿಂತ ಅಗ್ಗ, ಮೂರಕ್ಕಿಂತ ಗಟ್ಟಿ.

• ಟ್ಯೂಬ್‌ಲೈಟಿನ ಕಳ್ಳಾಟ ಗೊತ್ತಿರಲಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ, 1/60 ಶಟರ್‌ನಲ್ಲಿದ್ದರೆ ವಿಡಿಯೊದಲ್ಲಿ ಬೆಳಕು ಮಿಣುಕುತ್ತದೆ, ಪಟ್ಟಿ ಓಡುತ್ತವೆ. ಮೆನುವಿನಲ್ಲಿ ‘ಪಾಲ್’ (PAL) ಆರಿಸಿ ಸೆಕೆಂಡಿಗೆ 25 ಚಿತ್ರ, 1/50 ಶಟರ್ ಇಟ್ಟರೆ ಹೆಚ್ಚಿನ ಕಡೆ ತಕ್ಷಣ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತವರನ್ನು ಕಂಡಿದ್ದೇನೆ.

• ಕಿವಿಗೆ ಕೊಡಬೇಕಾದ್ದನ್ನು ಕಣ್ಣಿಗೆ ಖರ್ಚು ಮಾಡಬೇಡ. ಚಿತ್ರ ತುಸು ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾದಲ್ಲಿ ಮೈಕ್ ಸಿಕ್ಕಿಸುವ 3.5 ಮಿ.ಮೀ. ತೂತು ಇದೆಯೇ ನೋಡು. ಕ್ಯಾಮೆರಾದ ಸ್ವಂತ ಮೈಕು ನಮ್ಮ ಹೆಂಚಿನ ಕೆಳಗೆ ಮಳೆಯನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಒಂದು ಕಾಲರ್ ಮೈಕ್ ಅಜ್ಜಿಯ ಸೆರಗಿಗೆ ಸಿಕ್ಕಿಸು. ಅವಳು ‘ಉಪ್ಪು ಒಂದು ಚಿಟಿಕೆ’ ಎನ್ನುವಾಗಿನ ದನಿಯೂ ಉಳಿಯಬೇಕು.

• ಫೋರ್‌ಕೆ ಎಂದರೆ ಕಾರ್ಡಿನ ಖರ್ಚು ಎಂದೂ ಅರ್ಥ. 3840×2160ರ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಕಾರ್ಡಿನ ಮೇಲೆ ‘ವಿ30’ ಗುರುತಿರಲಿ. ಸೆಕೆಂಡಿಗೆ 30 ಎಂಬಿಗೆ ಕಡಿಮೆಯಾಗದಂತೆ ಬರೆಯುತ್ತದೆ ಎಂಬ ಭರವಸೆ ಅದು. ದೊಡ್ಡದೊಂದರ ಬದಲು 64 ಜಿಬಿಯ ಎರಡು ಕೊಳ್ಳು. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಕ್ಯಾಮೆರಾ ಬಿಸಿಯಾಗಿ ನಿಲ್ಲದೆ ಎಷ್ಟು ಹೊತ್ತು ಓಡುತ್ತದೆ, ಫೋರ್‌ಕೆಯಲ್ಲಿ ಚೌಕಟ್ಟು ಕಿರಿದಾಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಕೇಳು.

• ಬಾಡಿ ಕೊಳ್ಳುವ ಮೊದಲು ಬಾಡಿಗೆಗೆ ತಾ. ಬೆಂಗಳೂರಿನಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಶನಿವಾರ, ಭಾನುವಾರ ಕೊರಳಿಗೆ ಹಾಕಿಕೊಂಡು ತಿರುಗು. ಹೆಬ್ಬೆರಳಿಗೆ ಗುಂಡಿಗಳು ಸಿಗುತ್ತವೆಯೇ, ಮೆನು ಅರ್ಥವಾಗುತ್ತದೆಯೇ, ಸಂಜೆಗೆ ಕೈ ಸೋತಿತೇ, ಇವು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

• ದುಡ್ಡನ್ನು ಮೊದಲೇ ಹಂಚು. ಹತ್ತು ರೂಪಾಯಿ ಇದ್ದರೆ ಆರೂವರೆ ಕ್ಯಾಮೆರಾ ಮತ್ತು ಕಿಟ್ ಲೆನ್ಸಿಗೆ, ಎರಡು ಇನ್ನೊಂದು ಲೆನ್ಸಿಗೆ, ಒಂದೂವರೆ ಮೈಕು, ಕಾರ್ಡು, ಬ್ಯಾಟರಿಗೆ. ಹತ್ತನ್ನೂ ಕ್ಯಾಮೆರಾಕ್ಕೇ ಸುರಿದವರು ಆರು ತಿಂಗಳು ಜಾಗ ಸಾಲದ ಕಾರ್ಡಿನಲ್ಲಿ ಕೆಲಸ ಸಾಗಿಸುತ್ತಾರೆ.

• ಬಿಲ್ಲಿಲ್ಲದೆ ಕೊಳ್ಳಬೇಡ ಮಾರಾಯ್ತಿ. ಜಿಎಸ್‌ಟಿ ಬಿಲ್ಲು, ಕಂಪನಿಯ ಭಾರತದ ವಾರಂಟಿ ಎರಡೂ ಕೈಯಲ್ಲಿರಲಿ. ನಾಲ್ಕು ಸಾವಿರ ಕಡಿಮೆಗೆ ಹೊರದೇಶದ ಸರಕು ಕೊಡುವವರು ರಿಪೇರಿಯ ದಿನ ಫೋನು ಎತ್ತುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸಿಗೆ ಹಿಂದಿನಿಂದ ಟಾರ್ಚು ಬಿಟ್ಟು ಬೂಷ್ಟು ಹುಡುಕು, ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆ. ಸೆನ್ಸರಿನ ಮೇಲಿನ ಧೂಳು ಚುಕ್ಕಿಯಾಗಿ ಏಳುತ್ತದೆ.

• ಮಳೆಗಾಲವೇ ದೊಡ್ಡ ಕಳ್ಳ. ಒಳ್ಳೆಯದೊಂದು ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ ಆಷಾಢದಿಂದ ಮಹಾನವಮಿಯವರೆಗೆ ಬೀರುವಿನಲ್ಲಿಟ್ಟು ಹಾಳುಮಾಡಿಕೊಂಡವನು ನಾನು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಕತ್ತಲೆಯೂ ತೇವವೂ ಹಬ್ಬದೂಟ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಚಿಕ್ಕ ಮೀಟರು ಇಟ್ಟುಕೊ. ಮುಳ್ಳು 40–50ರ ನಡುವೆ ಇರಲಿ. ಜೆಲ್ಲಿನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸು. ಎಲ್ಲಕ್ಕಿಂತ ಒಳ್ಳೆಯ ಔಷಧಿ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು.

• ಯಾವುದು ಎಂದು ಹಟ ಹಿಡಿದರೆ ಇಷ್ಟು ಹೇಳುತ್ತೇನೆ. ಫೋಟೊ ಹೆಚ್ಚು, ವಿಡಿಯೊ ಕಡಿಮೆಯಾದರೆ ಕಿಂಡಿ ಇರುವ ಕ್ಯಾನನ್ ಆರ್50. ವಿಡಿಯೊವೇ ಹೆಚ್ಚಾದರೆ, ಮುಂದೆ ಲೆನ್ಸ್ ಕೂಡಿಸುವ ಯೋಚನೆ ಇದ್ದರೆ ಸೋನಿ ಜೆಡ್‌ವಿ-ಇ10. ಕೈಗೆ ಭದ್ರವಾದ ಹಿಡಿ ಬೇಕಾದರೆ ನಿಕಾನ್ ಜೆಡ್30. ಫ್ಯೂಜಿ ಎಕ್ಸ್‌-ಎಂ5ರ ತಲೆಯ ಮೇಲೆ ರೀಲಿನ ಬಣ್ಣಗಳನ್ನು ಆರಿಸುವ ತಿರುಗಣಿಯೇ ಇದೆ. ಅದನ್ನು ಕಂಡರೆ ನನ್ನಂಥ ಹಳಬನ ಮನಸ್ಸು ಜಾರುತ್ತದೆ, ನನ್ನ ಮಾತು ನಂಬಬೇಡ. ನಮ್ಮ ಅಡಿಗೆಮನೆಗೆ ನಾನಾದರೆ ಜೆಡ್‌ವಿ-ಇ10 ತಂದು, ಉಳಿದ ದುಡ್ಡಿಗೆ ಎಫ್/1.8ರ ಒಂದು ಲೆನ್ಸ್ ತರುತ್ತಿದ್ದೆ.

• ಕೊಂಡ ಮೇಲೆ ಒಂದು ವರ್ಷ ಅಂಗಡಿ ಕಡೆ ತಿರುಗಬೇಡ. ಆ ಹೊತ್ತನ್ನು ಕಣ್ಣು ಪಳಗಿಸಲು ಕೊಡು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಕಪ್ಪು ಬಿಳುಪಿನಲ್ಲಿ ತೆಗೆದವರು, ತಮ್ಮ ನೆನಪಿನ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟವರು. ಅವರ ಚಿತ್ರಗಳನ್ನು ಹುಡುಕಿ ನೋಡು. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ, ಅಲ್ಲಿಯ ಹಿರಿಯರ ಮಾತು ಕೇಳು. ತೆಗೆದದ್ದನ್ನೆಲ್ಲ ಎರಡು ಕಡೆ ನಕಲು ಮಾಡಿಡು.

ಕೊನೆಗೆ ಒಂದು ಮಾತು ಮಗಳೇ. ಹೊಸ ಮಾಡೆಲ್ ಬರಲಿ, ದೀಪಾವಳಿಯ ರಿಯಾಯಿತಿ ಬರಲಿ ಎಂದು ಕಾಯುತ್ತ ಕೂರಬೇಡ. ಹೊಸ ಮಾಡೆಲ್ ವರ್ಷ ವರ್ಷ ಬರುತ್ತದೆ, ಅಜ್ಜಿಗೆ ಈ ಆಷಾಢಕ್ಕೆ ಎಂಬತ್ತಾರು. ಬಾಡಿಗೆಯ ಕ್ಯಾಮೆರಾವಾದರೂ ಸರಿ, ಈ ಮಳೆಗಾಲದಲ್ಲೇ ತಂದು ಕಡುಬಿನ ವಿಡಿಯೊ ಮಾಡಿಬಿಡು. ಅವಳದೊಂದು ಫೋಟೊ ಪ್ರಿಂಟ್ ಹಾಕಿಸಿಕೊಂಡು ಬಾ. ಫೋನಿಗೆ ಕಳಿಸಿದರೆ ಅವಳಿಗೆ ಕಾಣುವುದಿಲ್ಲ.